ರೋಗಗೋಪನವೂ ಸಮಾಜಧರ್ಮವೂ

ಮನುಷ್ಯನು ತನ್ನ ಸಂಪತ್ತನ್ನು ಹತ್ತು ಜನರಿಗೆ ತೋರಿಸಿಕೊಳ್ಳಲು ಆಶಿಸುವನು. ತನ್ನ ರೋಗವನ್ನಾದರೋ ಒಬ್ಬರಿಗೂ ತಿಳಿಯದಂತೆ ಅಡಗಿಸಿಡಲು ಯತ್ನಿಸುವನು. ಇದು ಲೋಕಸ್ವಭಾವ. ನೆಗಡಿ, ಮೈಕೈನೋವುಗಳಂತಹ ಅಲ್ಪವ್ಯಾಧಿಗಳನ್ನು ಯಾರೂ ಮುಚ್ಚಿಡುವುದಿಲ್ಲ. ಅವನ್ನು ಹೇಳಿಕೊಂಡು, ಕಷಾಯದ ಸಲಹೆಯನ್ನು ಕೇಳಿಕೊಳ್ಳುವುದರಲ್ಲಿ ಒಂದು ಬಗೆಯ ಸಮಾಧಾನವೂ ಉಂಟು. ಆದರೆ ಕ್ಷಯವೆಂದೊಡನೆ, ಕುಷ್ಠವೆಂದೊಡನೆ, ಮೂರ್ಛೆರೋಗವೆಂದೊಡನೆ ಮನೆಯ ಮಾತು ತಗ್ಗುವುದು, ಬಾಗಿಲು ಮುಚ್ಚುವುದು. ವೈದ್ಯನ ಬಳಿಗೆ ಹೊರಟವರು ನೆಂಟರ ಊರಿಗೆ ಹೋಗುವೆವೆಂದು ಹೇಳುವರು. ಮದುವೆಗೆ ಬಂದ ಮಗಳಿರುವ ಮನೆಯಲ್ಲಂತೂ ಅಜ್ಜಿಯ ಕೆಮ್ಮು ಸಹ ರಹಸ್ಯವಾಗುವುದು.

ಹೀಗೆ ಅಡಗಿಸಿಟ್ಟ ರೋಗವು ಯಾರ ಸ್ವತ್ತು? ಅದು ರೋಗಿಯೊಬ್ಬನದೇ ದುಃಖವೆಂದು ತಿಳಿದು, ಹೇಳುವುದೂ ಬಿಡುವುದೂ ಅವನ ಇಚ್ಛೆಗೆ ಸೇರಿದುದೆನ್ನಬಹುದೇ? ಅಥವಾ ನೆರೆಹೊರೆಯವರಿಗೆ ಅದನ್ನು ತಿಳಿಯುವ ಅಧಿಕಾರವುಂಟೇ? ತಿಳಿಸದೆ ಇದ್ದುದರಿಂದ ಮತ್ತೊಬ್ಬನಿಗೆ ಹಾನಿಯಾದಲ್ಲಿ ದೋಷವು ಯಾರನ್ನು ಸೇರುವುದು? ಈ ಪ್ರಶ್ನೆಯನ್ನು ವೈದ್ಯಶಾಸ್ತ್ರವೊಂದೇ ತೀರ್ಮಾನಿಸಲಾರದು. ರೋಗದ ಕ್ರಿಮಿ ಯಾವುದು, ಅದು ಯಾವ ದ್ವಾರದಿಂದ ದೇಹವನ್ನು ಹೊಗುವುದು ಎಂಬುದನ್ನು ವೈದ್ಯನು ಹೇಳಬಲ್ಲನು. ರೋಗಿಯು ತನ್ನ ಸ್ಥಿತಿಯನ್ನು ಯಾರಿಗೆ ಹೇಳಬೇಕು, ಕೇಳಿದವರು ಅವನ ವಿಷಯದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದು ಧರ್ಮವಿಚಾರ.

೧

ಪ್ರಾಚೀನರು ಈ ವಿಷಯವನ್ನು ವಿಚಾರಿಸದೆ ಇರಲಿಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನೀಯವೆಂದು ಹೆಸರು. ದೇಶದೇಶವೇ ಹಾಳಾಗುವ ಮಹಾಮಾರಿಯ ವಿಚಾರವು ಅಲ್ಲಿಯದು. ಪಾಂಚಾಲದ ಕಾಂಪಿಲ್ಯನಗರದ ಬಳಿ, ಗಂಗಾತೀರದ ವನದಲ್ಲಿ, ಬೇಸಿಗೆಯ ಕೊನೆಯ ದಿನಗಳಲ್ಲಿ ಸಂಚರಿಸುತ್ತಿದ್ದ ಪುನರ್ವಸು ಆತ್ರೇಯರು ಶಿಷ್ಯನಾದ ಅಗ್ನಿವೇಶನಿಗೆ, ಭೂಮಿಯು ಸಾರಗುಂದುವುದಕ್ಕೆ ಮೊದಲೇ ಔಷಧಿಗಳನ್ನು ಸಂಗ್ರಹಿಸಿಡಬೇಕೆಂದು ಹೇಳುವರು. ಶಿಷ್ಯನ ಸಂದೇಹವು ಬುದ್ಧಿವಂತನದು. ಮನುಷ್ಯರ ಪ್ರಕೃತಿ ಬೇರೆ, ಆಹಾರ ಬೇರೆ, ಬಲ ಬೇರೆ, ವಯಸ್ಸು ಬೇರೆ. ಹೀಗಿರಲು ಒಂದೇ ವ್ಯಾಧಿಯು ಏಕಕಾಲದಲ್ಲಿ ಎಲ್ಲರನ್ನೂ ಹೇಗೆ ಕೊಲ್ಲುವುದು? ಜನರು ಬೇರೆಬೇರೆಯಾದರೂ ಅವರೆಲ್ಲರಿಗೂ ಸಾಮಾನ್ಯವಾದ ನಾಲ್ಕು ವಸ್ತುಗಳುಂಟೆಂಬುದು ಗುರುವಿನ ಉತ್ತರ: ವಾಯು, ಜಲ, ದೇಶ, ಕಾಲ. ಇವು ಕೆಟ್ಟರೆ ಊರು ಕೆಡುವುದು. ಇವು ಕೆಡುವುದಕ್ಕೆ ಮೂಲವು ಅಧರ್ಮ. ಆ ಅಧರ್ಮಕ್ಕೆ ಹುಟ್ಟು ಪ್ರಜ್ಞಾಪರಾಧದಲ್ಲಿ. ಅದು ಮೊದಲಾಗುವುದು ದೇಶನಗರಗಳ ಮುಖ್ಯಸ್ಥರಿಂದ, ಅವರಿಂದ ಕೆಳಗಿನವರಿಗೆ ಹರಡುವುದು ಎಂದು ಗ್ರಂಥವು ಮುಂದುವರಿಯುವುದು.

ಈ ಅಧ್ಯಾಯದಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು, ರೋಗವು ಬಂದ ಮೇಲಲ್ಲ, ಬರುವುದಕ್ಕೆ ಮೊದಲು ಸಿದ್ಧರಾಗಿರಬೇಕೆಂಬ ವಿಧಿ. ಎರಡನೆಯದು, ದೋಷವನ್ನು ಮೊದಲು ಕಾಹಿಲೆ ಬಿದ್ದವನ ತಲೆಗೆ ಕಟ್ಟದೆ, ಎಲ್ಲರಿಗೂ ಸೇರಿದ ನೀರನ್ನೂ ಗಾಳಿಯನ್ನೂ ಕಾಪಾಡಬೇಕಾದವರಲ್ಲಿ ಮೊದಲು ಹುಡುಕಿರುವುದು. ಇನ್ನು ಸುಶ್ರುತಸಂಹಿತೆಯ ನಿದಾನಸ್ಥಾನವು ಕುಷ್ಠ, ಜ್ವರ, ಶೋಷ, ಕಣ್ಣುಬೇನೆಗಳು ಸ್ಪರ್ಶದಿಂದಲೂ ಉಸಿರಿನಿಂದಲೂ ಸಹಭೋಜನ, ಸಹಶಯ್ಯೆಗಳಿಂದಲೂ ಒಬ್ಬನಿಂದ ಮತ್ತೊಬ್ಬನಿಗೆ ದಾಟುವುದನ್ನು ಹೇಳುವುದು. ಅಂಟುರೋಗವೆಂಬ ಕಲ್ಪನೆಯು ಈ ದೇಶಕ್ಕೆ ಹೊಸದಲ್ಲ. ಹೊಸದಾಗಿ ಬಂದುದು ಅದರ ಸೂಕ್ಷ್ಮಜ್ಞಾನ. ಆ ಜ್ಞಾನದೊಡನೆ ಬಂದುದು ಹೊಸ ಹೊಣೆ.

೨

ರೋಗವನ್ನು ಅಡಗಿಸುವವನು ಅಪರಾಧಿಯೆಂಬ ಪಕ್ಷವನ್ನು ಮೊದಲು ಅದರ ಪೂರ್ಣಬಲದೊಡನೆ ನಿರೂಪಿಸುವುದು ನ್ಯಾಯ. ತನ್ನ ಹಿತ್ತಿಲಿನ ಹುಲ್ಲುಬಣವೆಗೆ ಬೆಂಕಿ ಹತ್ತಿದುದನ್ನು ನೆರೆಯವನಿಗೆ ತಿಳಿಸದೆ, ಮರ್ಯಾದೆಗೆ ಅಂಜಿ ಕದವಿಕ್ಕಿ ಕುಳಿತವನನ್ನು ಯಾರು ತಾನೆ ಕ್ಷಮಿಸುವರು? ೧೮೮೨ನೆಯ ಮಾರ್ಚಿ ೨೪ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಎಂಬ ವೈದ್ಯನು ಕ್ಷಯದ ಕ್ರಿಮಿಯನ್ನು ಕಂಡುಹಿಡಿದ ವಾರ್ತೆಯನ್ನು ಸಾರಿದನು. ಅದಕ್ಕೆ ಮುಂಚೆ ಕ್ಷಯರೋಗಿಯು ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡರೆ ಅದು ವಾತ್ಸಲ್ಯವಾಗಿದ್ದಿತು. ತಿಳಿದ ಮೇಲೂ ಔಷಧವಿಲ್ಲದೆ, ಎಚ್ಚರವಿಲ್ಲದೆ ಹಾಗೆಯೇ ಮಲಗಿಸಿಕೊಂಡರೆ ಅದಕ್ಕೆ ಬೇರೆ ಹೆಸರು ಬೇಕಾಗುವುದು. ಕ್ರಿಯೆಯು ಅದೇ, ತಿಳಿವಳಿಕೆಯು ಅದರ ಧರ್ಮಾಧರ್ಮವನ್ನು ಬದಲಿಸಿತು.

ನ್ಯಾಯಾಸ್ಥಾನವೂ ಈ ಪಕ್ಷಕ್ಕೆ ಬಲವನ್ನಿತ್ತಿದೆ. ಮದುವೆಯು ಗೊತ್ತಾಗಿದ್ದ ಒಬ್ಬಾತನ ರಕ್ತದಲ್ಲಿ ಎಚ್.ಐ.ವಿ. ಸೋಂಕಿರುವ ಸಂಗತಿಯು ಆಸ್ಪತ್ರೆಯಿಂದ ಹೊರಬಿದ್ದು ಮದುವೆಯು ನಿಂತುಹೋದ ಪ್ರಕರಣದಲ್ಲಿ, ರೋಗಿಯ ರಹಸ್ಯವು ಕಾಪಾಡತಕ್ಕುದೇ ಆದರೂ ಅದು ನಿರಪವಾದವಾದುದಲ್ಲ, ಕೈಹಿಡಿಯಲಿರುವವಳ ಆರೋಗ್ಯದ ಹಕ್ಕು ಅದಕ್ಕಿಂತ ಮೇಲಾದುದೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೯೮ರಲ್ಲಿ ಹೇಳಿತು. ಅರಿಯದೆ ಅಪಾಯಕ್ಕೆ ಕೊರಳೊಡ್ಡುವವರಿಗೆ ಅದನ್ನು ಅರಿಯುವ ಅಧಿಕಾರವಿದೆಯೆಂಬುದು ಈ ತೀರ್ಪಿನ ಸಾರ.

ಇದು ಒಪ್ಪತಕ್ಕ ಮಾತು. ಆದರೆ ಈ ಪಕ್ಷವನ್ನು ಅರ್ಧಕ್ಕೇ ಹಿಡಿದವರು ಎಲ್ಲಿಗೆ ಹೋಗಿ ಮುಟ್ಟುವರೆಂಬುದಕ್ಕೆ ನ್ಯೂಯಾರ್ಕಿನ ಮೇರಿ ಮ್ಯಾಲನ್ ಎಂಬ ಅಡುಗೆಯವಳ ಚರಿತ್ರೆಯು ದೃಷ್ಟಾಂತ. ಐರ್ಲೆಂಡಿನಿಂದ ವಲಸೆ ಬಂದ ಈಕೆಯು ದೃಢಕಾಯೆ. ಆದರೂ ಈಕೆಯು ಅಡುಗೆಮಾಡಿದ ಮನೆಮನೆಗಳಲ್ಲಿ ವಿಷಮಶೀತಜ್ವರವು ಕಾಣಿಸುತ್ತಿದ್ದಿತು. ತನಗೆ ರೋಗವಿಲ್ಲದೆಯೇ ರೋಗಕ್ರಿಮಿಗಳನ್ನು ಹೊತ್ತಿರುವವಳೆಂದು ೧೯೦೭ರಲ್ಲಿ ಅಧಿಕಾರಿಗಳು ಕಂಡುಹಿಡಿದು, ಆಕೆಯನ್ನು ನದಿಯ ನಡುವಣ ದ್ವೀಪವೊಂದರಲ್ಲಿಟ್ಟರು. ೧೯೧೦ರಲ್ಲಿ, ಇನ್ನು ಅಡುಗೆ ಮಾಡುವುದಿಲ್ಲವೆಂಬ ಮಾತನ್ನು ಪಡೆದು ಬಿಟ್ಟರು. ೧೯೧೫ರಲ್ಲಿ ಹೆರಿಗೆಯ ಆಸ್ಪತ್ರೆಯೊಂದರಲ್ಲಿ ಜ್ವರವು ಹರಡಲು, ಬೇರೆ ಹೆಸರಿನಿಂದ ಅಲ್ಲಿ ಅಡುಗೆಗೆ ನಿಂತಿದ್ದವಳು ಆಕೆಯೇ ಎಂದು ತಿಳಿಯಿತು. ಪುನಃ ದ್ವೀಪ, ೧೯೩೮ರಲ್ಲಿ ಸಾಯುವವರೆಗೂ ಅಲ್ಲಿಯೇ.

ಮಾತಿಗೆ ತಪ್ಪಿದ ಮೇರಿಯನ್ನು ಯಾರೂ ನಿರ್ದೋಷಿಯೆನ್ನಲಾರರು. ಆದರೆ ಅವಳಿಗೆ ಗೊತ್ತಿದ್ದುದು ಒಂದೇ ಕಸುಬು. ಅದನ್ನು ಬಿಡೆಂದವರು ಅದಕ್ಕೆ ಸರಿಯಾದ ಸಂಬಳದ ಮತ್ತೊಂದನ್ನು ಕೊಡಲಿಲ್ಲ. ಬಟ್ಟೆಯೊಗೆಯುವ ಕೆಲಸದಲ್ಲಿ ಸಿಕ್ಕುತ್ತಿದ್ದುದು ಅಲ್ಪ. ಸೋಂಕಿಲ್ಲದ ಶರೀರಸುಖವನ್ನು ಅನುಭವಿಸಿದವಳಿಗೆ, ಕಣ್ಣಿಗೆ ಕಾಣದ ಕ್ರಿಮಿಯ ಕಥೆಯನ್ನು ನಂಬುವಂತೆ ತಾಳ್ಮೆಯಿಂದ ತಿಳಿಸಿದವರೂ ವಿರಳ. ಅದೇ ನಗರದಲ್ಲಿ ಅದೇ ಬಗೆಯ ಬೇರೆ ವಾಹಕರು ಪತ್ತೆಯಾಗಿದ್ದರೂ ಅವರಿಗೆ ಜೀವಾವಧಿ ಸೆರೆಯಾಗಲಿಲ್ಲ. ಊರಿನ ಕ್ಷೇಮಕ್ಕಾಗಿ ಒಬ್ಬಳ ಅನ್ನವನ್ನು ಕೇಳಿದ ಊರು ಅವಳ ಅನ್ನಕ್ಕೆ ತಾನು ಹೊಣೆಯಾಗಲಿಲ್ಲ. ಹಾಗಿರುವಲ್ಲಿ ಆಕೆಯು ತನ್ನ ಹೆಸರನ್ನೇ ಮುಚ್ಚಿಕೊಂಡುದರಲ್ಲಿ ಆಶ್ಚರ್ಯವೇನು?

೩

ಭಯದಿಂದ ಹುಟ್ಟಿದ ಗೋಪನವು ಊರಿಗೇ ಊರನ್ನೇ ಹಿಡಿದುದು ಈ ದೇಶದ ಪ್ಲೇಗಿನ ಕಾಲದಲ್ಲಿ. ೧೮೯೬ರ ಸೆಪ್ಟೆಂಬರಿನಲ್ಲಿ ಆ ಮಹಾಮಾರಿಯು ಮುಂಬಯಿಯಲ್ಲಿ ಪತ್ತೆಯಾಯಿತು. ೧೮೯೭ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಶಾಸನವು ಹುಟ್ಟಿ, ಸರ್ಕಾರಕ್ಕೆ ಅಪರಿಮಿತವಾದ ಅಧಿಕಾರವನ್ನು ಕೊಟ್ಟಿತು. ಪುಣೆಯಲ್ಲಿ ಪ್ಲೇಗು ಸಮಿತಿಯ ಅಧ್ಯಕ್ಷನಾದ ರ‍್ಯಾಂಡನು ಸೈನಿಕರನ್ನು ಮನೆಮನೆಗೆ ನುಗ್ಗಿಸಿದನು. ದೇವರ ಮನೆಯನ್ನೂ ಅಡುಗೆಮನೆಯನ್ನೂ ಶೋಧಿಸಿದರು, ಸ್ತ್ರೀಯರನ್ನು ಹೊರಗೆಳೆದು ಪರೀಕ್ಷಿಸಿದರು, ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಬೇರೆಯ ಶಿಬಿರಕ್ಕೂ ಸಾಗಿಸಿದರು, ಸಾಮಾನುಗಳನ್ನು ಸುಟ್ಟರು. ಫಲವೇನಾಯಿತು? ಜನರು ರೋಗಿಗಳನ್ನು ಅಟ್ಟದ ಮೇಲೆ ಅಡಗಿಸಿದರು. ಸತ್ತವರನ್ನೂ ಗುಟ್ಟಾಗಿ ಸಾಗಿಸಿದರು. ೧೮೯೭ನೆಯ ಜೂನ್ ೨೨ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡನನ್ನು ಗುಂಡಿಟ್ಟರು. ಆ ಹತ್ಯೆಯನ್ನು ಸಮರ್ಥಿಸಬೇಕಾದುದಿಲ್ಲ. ಆದರೆ ರೋಗನಿವಾರಣೆಯ ಹೆಸರಿನಲ್ಲಿ ಬಂದವನನ್ನು ರೋಗಕ್ಕಿಂತಲೂ ಹೆಚ್ಚಾಗಿ ಜನರು ಹೆದರಿದರೆಂಬುದು ವಿಚಾರಾರ್ಹ.

ಇಲ್ಲಿ ಮತ್ತೊಂದು ಸಂಗತಿಯುಂಟು. ಪ್ಲೇಗಿನ ಕ್ರಿಮಿಯು ೧೮೯೪ರಲ್ಲಿ ಹಾಂಕಾಂಗಿನಲ್ಲಿ ಪತ್ತೆಯಾಗಿದ್ದರೂ, ಅದನ್ನು ಇಲಿಯಿಂದ ಮನುಷ್ಯನಿಗೆ ಸಾಗಿಸುವುದು ಇಲಿಯ ಮೈಮೇಲಣ ಚಿಗಟವೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ತೋರಿಸಿದುದು ೧೮೯೮ರಲ್ಲಿ. ವಿದ್ವಾಂಸರು ಅದನ್ನು ಅಂಗೀಕರಿಸುವುದಕ್ಕೆ ಇನ್ನೂ ಹಲವು ವರ್ಷಗಳಾದವು. ಎಂದರೆ ೧೮೯೭ರಲ್ಲಿ ಮನೆಗಳನ್ನು ಹೊಕ್ಕ ಸೈನಿಕರು ಹೆಂಗಸರ ಪೆಟ್ಟಿಗೆಗಳನ್ನು ಶೋಧಿಸುತ್ತಿದ್ದಾಗ ಮೂಲಕಾರಣವು ಅವರ ಕಾಲಬುಡದ ಬಿಲದಲ್ಲಿದ್ದಿತು. ಇತ್ತ ಏನೂ ಓದದ ಹಳ್ಳಿಯವನು, ಮನೆಯಲ್ಲಿ ಇಲಿ ಬಿದ್ದಿತೆಂದರೆ ಮಡಕೆಕುಡಿಕೆಗಳನ್ನು ಹೊತ್ತು ತೋಟದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದನು. ಅವನಿಗೆ ಕಾರಣವು ತಿಳಿಯದು, ಲಕ್ಷಣವು ತಿಳಿದಿದ್ದಿತು. ಅಧಿಕಾರವು ಜ್ಞಾನವನ್ನು ಮೀರಿ ನಡೆದಾಗ ಎರಡೂ ಕೆಡುತ್ತವೆ. ಬಲಾತ್ಕಾರ ಮಾಡುವವನಿಗೆ ತನ್ನ ಶಾಸ್ತ್ರವು ಎಷ್ಟು ದೂರ ನಿಶ್ಚಿತವೆಂಬ ಪ್ರಶ್ನೆಯನ್ನು ಕೇಳಿಕೊಳ್ಳುವ ಕರ್ತವ್ಯವು ಎಲ್ಲರಿಗಿಂತಲೂ ಹೆಚ್ಚಾಗಿರುವುದು.

ಅದೇ ಪ್ಲೇಗಿನ ಚರಿತ್ರೆಯಲ್ಲಿ ಇದಕ್ಕೆ ಪ್ರತಿಯಾದ ಪುಟವೂ ಇದೆ. ಹಾಫ್‌ಕಿನ್ ಎಂಬ ವಿಜ್ಞಾನಿಯು ತಾನು ಸಿದ್ಧಗೊಳಿಸಿದ ಪ್ಲೇಗಿನ ಲಸಿಕೆಯನ್ನು ೧೮೯೭ನೆಯ ಜನವರಿ ೧೦ರಂದು ಮುಂಬಯಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಸಾವಿರಾರು ಜನರು ಮುಂದೆ ಬಂದು ಅದನ್ನು ಚುಚ್ಚಿಸಿಕೊಂಡರು. ಇದಕ್ಕೂ ತೊಂಬತ್ತು ವರ್ಷಗಳ ಹಿಂದೆ, ಸಿಡುಬಿಗೆ ದೇವಿ ಹಾಕುವ ಪದ್ಧತಿಯು ಹೊಸತಾಗಿ ಬಂದು ಜನರು ಶಂಕಿಸುತ್ತಿದ್ದಾಗ, ಮೈಸೂರಿನ ಅರಮನೆಯ ರಾಣಿ ದೇವಾಜಮ್ಮಣ್ಣಿಯವರಿಗೆ ಅದನ್ನು ಹಾಕಿಸಿ, ರಾಜಮಾತೆ ಲಕ್ಷ್ಮಮ್ಮಣ್ಣಿಯವರು ಪ್ರಜೆಗಳಿಗೆ ಮೇಲ್ಪಂಕ್ತಿಯನ್ನು ಹಾಕಿಕೊಟ್ಟರು. ಪರರ ದೇಹವನ್ನು ಕೇಳುವವನು ತನ್ನ ದೇಹವನ್ನು ಮೊದಲು ಒಡ್ಡಿದಲ್ಲಿ ಜನರು ನಂಬುವರು. ಆ ಸಿಡುಬು ೧೯೮೦ರಲ್ಲಿ ಭೂಮಂಡಲದಿಂದಲೇ ನಿರ್ಮೂಲವಾದುದಾಗಿ ಸಾರಲ್ಪಟ್ಟಿತು. ಇಂದಿನ ಮಕ್ಕಳ ತೋಳಿನಲ್ಲಿ ಆ ಗುರುತಿಲ್ಲ. ಏಕಿಲ್ಲವೆಂದು ಕೇಳುವ ಮಗುವೂ ಇಲ್ಲ.

೪

ರೋಗವು ಪತ್ತೆಯಾಗದೆ ಉಳಿದರೆ, ರೋಗಿಯು ಮುಚ್ಚಿಟ್ಟನೆಂದು ಹೇಳಿಬಿಡುವುದು ಸುಲಭ. ಈ ನಂಬಿಕೆಯನ್ನು ಅಲುಗಿಸಿದ ಒಂದು ಶೋಧನೆಯು ತುಮಕೂರು ಜಿಲ್ಲೆಯಲ್ಲಿ ನಡೆಯಿತು. ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಅಲ್ಲಿಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಇಬ್ಬರು ವಿದ್ವಾಂಸರು, ಹಳ್ಳಿಗಳಲ್ಲಿ ಎಕ್ಸರೇ ಪರೀಕ್ಷೆಯಿಂದ ಕ್ಷಯವಿದೆಯೆಂದು ಕಂಡುಬಂದವರ ಮನೆಗಳಿಗೆ ಪ್ರಶ್ನೆ ಕೇಳುವವರನ್ನು ಕಳುಹಿಸಿ, ಅವರಿಗೆ ತಮ್ಮ ರೋಗಲಕ್ಷಣಗಳು ಎಷ್ಟು ಗೊತ್ತಿದ್ದವು, ಅದಕ್ಕಾಗಿ ಅವರು ಏನು ಮಾಡಿದರು ಎಂದು ವಿಚಾರಿಸಿದರು. ಅವರ ಲೇಖನವು ೧೯೬೩ರಲ್ಲಿ ಪ್ರಕಟವಾಯಿತು. ಹಳ್ಳಿಗರು ಅಜ್ಞಾನಿಗಳು, ಕೆಮ್ಮನ್ನು ಲೆಕ್ಕಿಸದವರು, ಅಡಗಿಸುವವರು ಎಂದು ಪಟ್ಟಣದವರ ಊಹೆ. ಕಂಡುದೇ ಬೇರೆ. ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿದ್ದಿತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಯಾವುದಾದರೊಂದು ಚಿಕಿತ್ಸಾಲಯದ ಮೆಟ್ಟಿಲನ್ನು ಹತ್ತಿ ಇಳಿದಿದ್ದರು. ಅಲ್ಲಿ ಅವರಿಗೆ ದೊರೆತುದು ಸಾಮಾನ್ಯವಾಗಿ ಒಂದು ಸೀಸೆ ಕೆಮ್ಮಿನ ಔಷಧ. ಕಫವನ್ನು ಪರೀಕ್ಷಿಸಿದವರಿಲ್ಲ.

ಈ ಸಂಗತಿಯ ಧರ್ಮಾರ್ಥವನ್ನು ಗಮನಿಸಬೇಕು. ಬಡ ರೈತನು ಒಂದು ದಿನದ ಕೂಲಿಯನ್ನು ಬಿಟ್ಟು, ಮೈಲಿಗಟ್ಟಳೆ ನಡೆದು, ಸಾಲಿನಲ್ಲಿ ನಿಂತು ತನ್ನ ರೋಗವನ್ನು ಹೇಳಿಕೊಂಡನು. ಕೇಳಿಸಿಕೊಳ್ಳುವವರು ಕೇಳಿಸಿಕೊಳ್ಳಲಿಲ್ಲ. ಇಲ್ಲಿ ರೋಗವನ್ನು ಮುಚ್ಚಿಟ್ಟವರು ಯಾರು? ಗೋಪನದಲ್ಲಿ ಎರಡು ಬಗೆ: ಹೇಳದೆ ಇರುವುದು ಒಂದು, ಹೇಳಿದುದನ್ನು ಕೇಳದೆ ಇರುವುದು ಮತ್ತೊಂದು. ಮೊದಲನೆಯದಕ್ಕೆ ಲೋಕವು ನಿಂದೆಯನ್ನು ವಿಧಿಸಿದೆ. ಎರಡನೆಯದಕ್ಕೆ ಹೆಸರನ್ನು ಸಹ ಇಟ್ಟಿಲ್ಲ. ೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯನಿವಾರಣಾ ಕಾರ್ಯಕ್ರಮವು, ಸಾಧಾರಣ ಆಸ್ಪತ್ರೆಗಳಿಗೆ ಕೆಮ್ಮುತ್ತ ಬಂದವರ ಕಫವನ್ನು ಅಲ್ಲಿಯೇ ಪರೀಕ್ಷಿಸಬೇಕೆಂಬ ಮಾರ್ಗವನ್ನು ಹಿಡಿದುದು ಇಂತಹ ವಿಚಾರಗಳ ಫಲವೇ.

ರೋಗವನ್ನು ಪತ್ತೆಹಚ್ಚುವ ಕಲೆಯು ಬಹುಮಟ್ಟಿಗೆ ಕಿವಿಗೊಡುವ ಕಲೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಆಸುಪಾಸಿನ ಹಳ್ಳಿಗಳಲ್ಲಿ ಜನರು ತೀವ್ರಜ್ವರದಿಂದ ಮಲಗಿದರು. ಎರಡನ್ನೂ ಜೊತೆಗಿಟ್ಟು ನೋಡಿದುದರಿಂದ, ಉಣುಗಿನ ಕಡಿತದಿಂದ ಹರಡುವ ಒಂದು ಹೊಸ ರೋಗವು ಲೋಕಕ್ಕೆ ತಿಳಿದುಬಂದಿತು. ಮಲೆನಾಡಿನವರು ಅದನ್ನು ಮಂಗನ ಕಾಯಿಲೆಯೆಂದೇ ಕರೆಯುವರು. ಇಂದಿಗೂ ಕಾಡಿನಂಚಿನಲ್ಲಿ ಸತ್ತ ಮಂಗವನ್ನು ಕಂಡ ದನಗಾಹಿಯು ಆರೋಗ್ಯ ಇಲಾಖೆಯವರಿಗೆ ತಿಳಿಸಿದರೆ, ಅದು ದೊಡ್ಡ ಪ್ರಯೋಗಶಾಲೆಯ ವರದಿಗಿಂತಲೂ ಮುಂಚಿತವಾದ ಎಚ್ಚರಿಕೆ. ಅವನ ಮಾತನ್ನು ಹಗುರವಾಗಿ ತಳ್ಳಿಹಾಕುವ ಗುಮಾಸ್ತೆಯು ತನಗೆ ತಿಳಿಯದೆಯೇ ಆ ರೋಗವನ್ನು ಅಡಗಿಸಿದವನಾಗುವನು.

೫

ರೋಗಿಯನ್ನು ದೂರಮಾಡದೆ ರೋಗವನ್ನು ದೂರಮಾಡುವುದು ಸಾಧ್ಯವೇ ಎಂಬ ಸಂಶಯವು ಇಲ್ಲಿ ಬರುವುದು ಸಹಜ. ಈ ಸಂಶಯಕ್ಕೆ ಮದರಾಸಿನಲ್ಲಿ ಉತ್ತರವು ದೊರೆಯಿತು. ಅಲ್ಲಿ ೧೯೫೬ರಲ್ಲಿ ಆರಂಭವಾದ ಕ್ಷಯಚಿಕಿತ್ಸಾ ಕೇಂದ್ರವು ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಸ್ಯಾನಟೋರಿಯಮ್ಮಿನಲ್ಲಿ ಹಾಲು ಹಣ್ಣು ವಿಶ್ರಾಂತಿಗಳೊಡನೆ, ಮತ್ತೊಂದಕ್ಕೆ ಅವರವರ ಇಕ್ಕಟ್ಟಾದ ಮನೆಗಳಲ್ಲಿಯೇ, ಅದೇ ಔಷಧವನ್ನು ಕೊಟ್ಟು ಹೋಲಿಸಿತು. ೧೯೫೯ರಲ್ಲಿ ಹೊರಬಂದ ಫಲವು ವೈದ್ಯಲೋಕವನ್ನು ಬೆರಗುಗೊಳಿಸಿತು: ಮನೆಯಲ್ಲಿದ್ದವರೂ ಬಹುಮಟ್ಟಿಗೆ ಅಷ್ಟೇ ಚೆನ್ನಾಗಿ ಗುಣವಾದರು, ಅವರೊಡನೆ ಬಾಳಿದ ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವು ಕಾಣಲಿಲ್ಲ. ಔಷಧವನ್ನು ತಪ್ಪದೆ ಸೇವಿಸುವ ರೋಗಿಯನ್ನು ಮನೆಯಿಂದ ಅಟ್ಟಬೇಕಾದ ಕಾರಣವು ಅಂದಿಗೇ ತೀರಿತು. ಆದರೂ ಕ್ಷಯವೆಂದೊಡನೆ ಹೆಂಡತಿಯನ್ನು ತವರಿಗೆ ಕಳುಹಿಸುವ ಪದ್ಧತಿಯು ತೀರಲಿಲ್ಲ.

ಕುಷ್ಠದ ಕಥೆಯು ಇದಕ್ಕಿಂತಲೂ ಕಠಿನವಾದುದು. ಅದು ಅಷ್ಟು ಬೇಗ ಅಂಟುವ ರೋಗವಲ್ಲ; ಔಷಧಾರಂಭವಾದ ಸ್ವಲ್ಪಕಾಲದಲ್ಲಿಯೇ ಅಂಟುವ ಗುಣವು ಅಡಗುವುದು; ಪೂರ್ಣವಾಗಿ ಗುಣವಾಗುವುದು. ಹೀಗಿದ್ದೂ ರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡುವ ೧೮೯೮ರ ಶಾಸನವು ೨೦೧೬ರಲ್ಲಿ ಮಾತ್ರ ರದ್ದಾಯಿತು. ವಿವಾಹವಿಚ್ಛೇದಕ್ಕೆ ಈ ರೋಗವು ಕಾರಣವಾಗಬಹುದೆಂಬ ವಿಧಿಯು ೨೦೧೯ರಲ್ಲಿ ತೆಗೆಯಲ್ಪಟ್ಟಿತು. ಮದ್ದು ಬಂದ ಎಷ್ಟೋ ಕಾಲದ ಮೇಲೆ ಕಾನೂನು ಬಂದಿತು. ಕಾನೂನಿನ ಹಿಂದೆ ಮನಸ್ಸು ಇನ್ನೂ ನಡೆದು ಬರುತ್ತಲಿದೆ. ಮದ್ದು ಪ್ರಚಾರಕ್ಕೆ ಬರುವ ಮುಂಚೆಯೇ, ೧೯೩೯ರಲ್ಲಿ, ಕುಷ್ಠದಿಂದ ಪೀಡಿತರಾಗಿ ಸೇವಾಗ್ರಾಮಕ್ಕೆ ಬಂದ ಸಂಸ್ಕೃತ ಪಂಡಿತ ಪರಚುರೆ ಶಾಸ್ತ್ರಿಗಳನ್ನು ಗಾಂಧೀಜಿಯವರು ಆಶ್ರಮದಲ್ಲಿಯೇ ಇರಿಸಿಕೊಂಡು, ತಮ್ಮ ಕೈಯಿಂದಲೇ ಅವರ ಮೈಗೆ ಎಣ್ಣೆ ತಿಕ್ಕಿ ಶುಶ್ರೂಷೆ ಮಾಡಿದರು. ಅವರಿಗೆ ಇಂದಿನ ಯಾವ ಔಷಧದ ಭರವಸೆಯೂ ಇರಲಿಲ್ಲ. ಭರವಸೆಯಿರುವ ಇಂದಿನವರು ಹಿಂದೆಗೆಯುವುದಕ್ಕೆ ಯಾವ ಸಮಾಧಾನವನ್ನು ಹೇಳಬಲ್ಲರು?

ಇದರ ಅರ್ಥವು ರೋಗಿಯನ್ನು ಬೇರೆಯಾಗಿಡುವುದು ಯಾವಾಗಲೂ ಅಧರ್ಮವೆಂದಲ್ಲ. ಅಂತಹ ಅಗತ್ಯವು ಬಂದಾಗ ಅದು ಹೇಗೆ ನಡೆಯಬೇಕೆಂಬುದಕ್ಕೆ ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದ ಈಯಮ್ ಎಂಬ ಹಳ್ಳಿಯು ನಿದರ್ಶನ. ೧೬೬೫ರಲ್ಲಿ ಲಂಡನ್ನಿನಿಂದ ಬಂದ ಬಟ್ಟೆಯ ಕಟ್ಟಿನೊಡನೆ ಅಲ್ಲಿಗೆ ಪ್ಲೇಗು ಬಂದಿತೆಂದು ಪ್ರತೀತಿ. ಮರುವರ್ಷ, ಪಾದ್ರಿಯಾದ ಮಾಂಪೆಸನ್ನನ ಮಾತಿಗೆ ಒಪ್ಪಿ, ಹಳ್ಳಿಯವರು ರೋಗವನ್ನು ಸುತ್ತಣ ಊರುಗಳಿಗೆ ಒಯ್ಯಬಾರದೆಂದು ತಾವಾಗಿಯೇ ಎಲ್ಲೆಯೊಳಗೆ ನಿಂತರು. ನೂರಾರು ಜನರು ಅಲ್ಲಿಯೇ ಸತ್ತರು. ಆ ತ್ಯಾಗವನ್ನು ಎಲ್ಲರೂ ಕೊಂಡಾಡುವರು. ಅದರ ಇನ್ನೊಂದು ಮುಖವನ್ನು ಕೊಂಡಾಡುವವರು ಕಡಿಮೆ. ಸುತ್ತಣ ಊರಿನವರು ಎಲ್ಲೆಯ ಕಲ್ಲಿನ ಬಳಿ ಆಹಾರವನ್ನು ತಂದಿಡುತ್ತಿದ್ದರು. ಹಳ್ಳಿಯವರು ಬೆಲೆಯ ನಾಣ್ಯಗಳನ್ನು ಕಲ್ಲಿನ ಕುಳಿಗಳಲ್ಲಿ ಹುಳಿನೀರಿನೊಳಗೆ ಇಡುತ್ತಿದ್ದರು. ಆ ಸೀಮೆಯ ಪ್ರಭುವೂ ಅನ್ನಸಾಮಗ್ರಿಗಳನ್ನು ಒದಗಿಸಿದನು. ಒಳಗಿದ್ದವರು ಹೊರಗೆ ಬರಲಿಲ್ಲ, ಹೊರಗಿದ್ದವರು ಮರೆತುಬಿಡಲಿಲ್ಲ. ಇದೊಂದು ಒಡಂಬಡಿಕೆ. ಎರಡನೆಯ ಪಕ್ಷದವರು ತಪ್ಪಿದ್ದರೆ ಮೊದಲನೆಯವರು ಎಷ್ಟು ದಿನ ನಿಲ್ಲುತ್ತಿದ್ದರು?

ಪುಣೆಯಲ್ಲಿಯೂ ಎಲ್ಲೆಯಿದ್ದಿತು, ಕಲ್ಲಿನ ಬಳಿ ಬುತ್ತಿಯಿರಲಿಲ್ಲ. ೨೦೨೦ರ ಕೋವಿಡ್ ಕಾಲದಲ್ಲಿ ಕರ್ನಾಟಕದಲ್ಲಿ ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ಕೈಗೆ ಶಾಯಿಯ ಮುದ್ರೆಯನ್ನೊತ್ತಿದರು. ಕೆಲವು ಬೀದಿಗಳಲ್ಲಿ ಆ ಮುದ್ರೆಯನ್ನು ಕಂಡವರು ಹಾಲು ತರಕಾರಿಗಳನ್ನು ಬಾಗಿಲಿಗೆ ತಂದಿಟ್ಟರು. ಮತ್ತೆ ಕೆಲವು ಬೀದಿಗಳಲ್ಲಿ ಮನೆಯನ್ನು ಖಾಲಿಮಾಡೆಂದರು. ಮುಂದಿನ ಜ್ವರವನ್ನು ಯಾವ ಬೀದಿಯವರು ಹೇಳಿಕೊಂಡಿರಬಹುದು, ಯಾವ ಬೀದಿಯವರು ಮಾತ್ರೆ ನುಂಗಿ ಅಡಗಿಸಿರಬಹುದು ಎಂಬುದನ್ನು ವಾಚಕರೇ ಊಹಿಸಬಲ್ಲರು.

೬

ಇದುವರೆಗಿನದು ಅಂಟುರೋಗಗಳ ವಿಚಾರ. ಯಾರಿಗೂ ಅಂಟದೆ, ವರ್ಷಾನುಗಟ್ಟಳೆ ದೇಹದಲ್ಲಿ ಬಿಡಾರ ಹೂಡುವ ಮಧುಮೇಹ, ರಕ್ತದೊತ್ತಡ, ಮೂರ್ಛೆ ಮೊದಲಾದ ದೀರ್ಘರೋಗಗಳ ವಿಷಯದಲ್ಲಿ ಪ್ರಶ್ನೆಯು ಬೇರೆ ರೂಪವನ್ನು ತಾಳುವುದು. ಇವುಗಳಲ್ಲಿ ಕೆಲವು ಸ್ವಭಾವತಃ ಮೌನಿಗಳು. ರಕ್ತದೊತ್ತಡಕ್ಕೆ ನೋವಿಲ್ಲ, ಮಧುಮೇಹವು ಎಷ್ಟೋ ವರ್ಷ ಸುಳಿವು ಕೊಡದೆ ಕಣ್ಣು, ಮೂತ್ರಪಿಂಡ, ನರಗಳನ್ನು ಸವೆಸುವುದು. ಭಾರತದಲ್ಲಿ ಮಧುಮೇಹಿಗಳ ಸಂಖ್ಯೆಯು ೧೦ ಕೋಟಿಯನ್ನು ಮೀರಿದೆಯೆಂದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ಲೆಕ್ಕಹಾಕಿತು. ಇಲ್ಲಿ ರೋಗಿಯು ರೋಗವನ್ನು ಮರೆಮಾಡುವುದು ಹೆಚ್ಚಾಗಿ ತನ್ನಿಂದಲೇ. ಪರೀಕ್ಷಿಸಿಕೊಂಡರೆ ತಿಳಿದುಬಿಡುವುದೆಂಬ ಭಯದಿಂದ ಪರೀಕ್ಷಿಸಿಕೊಳ್ಳದವರು ವಿದ್ಯಾವಂತರಲ್ಲಿಯೇ ಹೆಚ್ಚು ಸಿಕ್ಕುವರು. ದೇಹ ನನ್ನದು, ಹಾನಿಯೂ ನನ್ನದೆಂದು ಅವರ ವಾದ. ಆದರೆ ಮನೆಯ ಯಜಮಾನನ ಮೂತ್ರಪಿಂಡಗಳು ಸೋತಾಗ ಆಸ್ಪತ್ರೆಯ ಬಾಗಿಲಲ್ಲಿ ಕುಳಿತಿರುವವಳು ಹೆಂಡತಿ. ನಿಲ್ಲುವುದು ಮಗಳ ಓದು. ಮಾರಾಟವಾಗುವುದು ಎಲ್ಲರ ಜಮೀನು. ಅಂಟದ ರೋಗವೂ ಹೀಗೆ ಮನೆಮಂದಿಗೆಲ್ಲ ಅಂಟುವುದು.

ಹಾಗೆಂದು ರೋಗಿಯನ್ನು ನಾಲಗೆಯ ಚಪಲದವನೆಂದು ಜರೆಯುವುದರಿಂದಲೂ ಫಲವಿಲ್ಲ. ಫಿನ್ಲೆಂಡ್ ದೇಶದ ಉತ್ತರ ಕರೇಲಿಯಾ ಪ್ರಾಂತದಲ್ಲಿ ನಡುವಯಸ್ಸಿನ ಗಂಡಸರು ಹೃದ್ರೋಗದಿಂದ ಅಪಾರವಾಗಿ ಸಾಯುತ್ತಿದ್ದರು. ೧೯೭೨ರಲ್ಲಿ ಅಲ್ಲಿಯ ಜನರೂ ವೈದ್ಯರೂ ಕೂಡಿ, ಒಬ್ಬೊಬ್ಬನನ್ನು ಗದರಿಸುವುದರ ಬದಲು ಊರಿನ ಊಟವನ್ನೇ ತಿದ್ದಹೊರಟರು. ಬೆಣ್ಣೆ ಉಪ್ಪುಗಳು ಕಡಿಮೆಯಾದವು, ತಂಬಾಕು ಕಡಿಮೆಯಾಯಿತು, ಗೃಹಿಣಿಯರ ಸಂಘಗಳು ಹೊಸ ಅಡುಗೆಗಳನ್ನು ಕಲಿಸಿದವು. ಮುಂದಿನ ದಶಕಗಳಲ್ಲಿ ಆ ಸಾವುಗಳು ಬಹುಭಾಗ ಇಳಿದವು. ವಾಯು, ಜಲ, ದೇಶ, ಕಾಲಗಳೆಂದು ಆತ್ರೇಯರು ಎಣಿಸಿದ ಸಾಮಾನ್ಯವಸ್ತುಗಳ ಸಾಲಿಗೆ, ಅಂಗಡಿಯ ಬೀದಿಯನ್ನೂ ಸಾರ್ವಜನಿಕ ಪಂಕ್ತಿಯನ್ನೂ ಇಂದು ಸೇರಿಸಬೇಕಾಗಿದೆ. ಮದುವೆಯೂಟದಲ್ಲಿ ಬೇಡವೆಂದವನ ಎಲೆಗೂ ಬಲವಂತದಿಂದ ಹೋಳಿಗೆಯನ್ನು ಹಾಕಿ, ಅದನ್ನು ಉಪಚಾರವೆಂದು ಭಾವಿಸುವುದು ಪ್ರಜ್ಞಾಪರಾಧದ ಒಂದು ಸಣ್ಣ ರೂಪವೇ.

ಮೂರ್ಛೆರೋಗದ ವಿಷಯವು ಮನೆಗಳಿಗೆ ಇನ್ನೂ ಹತ್ತಿರವಾದುದು. ಇದು ಅಂಟುವುದಿಲ್ಲ, ಅಗ್ಗವಾದ ಮಾತ್ರೆಗಳಿಂದ ಬಹುಮಂದಿಯಲ್ಲಿ ಹತೋಟಿಗೆ ಬರುವುದು. ಆದರೂ ೧೯೯೯ರ ತಿದ್ದುಪಡಿಯಾಗುವವರೆಗೆ ಹಿಂದೂ ವಿವಾಹಶಾಸನವು ಇದನ್ನು ವಿವಾಹಕ್ಕೆ ಅಡ್ಡಿಯೆಂದು ಎಣಿಸಿದ್ದಿತು. ಮದುವೆಯು ಮುರಿಯುವುದೆಂದು ತಂದೆತಾಯಿಗಳು ಮಗಳ ರೋಗವನ್ನು ಮುಚ್ಚುವರು. ಗಂಡನ ಮನೆಯವರಿಗೆ ತಿಳಿಯದಿರಲೆಂದು ಅವಳು ಮಾತ್ರೆಯನ್ನು ಬಿಡುವಳು. ಬಿಟ್ಟುದರಿಂದಲೇ ಒಲೆಯ ಮುಂದೆ ಬೀಳುವಳು. ಸತ್ಯವನ್ನು ಹೇಳಿದ್ದರೆ ಸಂಬಂಧವು ತಪ್ಪುತ್ತಿದ್ದಿತು, ಹೇಳದೆ ಇದ್ದುದರಿಂದ ಮೈ ಸುಟ್ಟಿತು. ಈ ಎರಡರ ನಡುವೆ ಅವಳನ್ನು ನಿಲ್ಲಿಸಿದವರು, ಹೆಣ್ಣನ್ನು ನೋಡಲು ಹೋದಾಗ ಇಂತಹ ಪ್ರಶ್ನೆಗಳನ್ನು ಪಿಸುಗುಟ್ಟುವ ಸಭ್ಯ ಮನೆತನಗಳೇ ಅಲ್ಲವೇ?

೭

ಇಷ್ಟು ವಿಚಾರದಿಂದ ಸಿದ್ಧಾಂತವು ತೋರಿಬರುವುದು. ತನ್ನ ರೋಗದಿಂದ ಯಾರಿಗೆ ಹಾನಿಯಾಗಬಹುದೋ ಅವರಿಗೆ ತಿಳಿಸುವುದು ರೋಗಿಯ ಧರ್ಮ. ಊರಿಗೆಲ್ಲ ಸಾರುವುದು ಅವನ ಧರ್ಮವಲ್ಲ, ಸಾರಿಸುವುದು ಊರಿನ ಹಕ್ಕೂ ಅಲ್ಲ. ತಿಳಿಸಿದವನನ್ನು ಕೈಬಿಡದೆ ಇರುವುದು ಸಮಾಜದ ಧರ್ಮ. ಇವು ಎರಡು ಧರ್ಮಗಳಲ್ಲ, ಒಂದೇ ಧರ್ಮದ ಎರಡು ಅಂಗಗಳು. ಒಂದನ್ನು ನಡೆಸದವನಿಗೆ ಮತ್ತೊಂದನ್ನು ಕೇಳುವ ಅಧಿಕಾರವಿಲ್ಲ. ಎಚ್.ಐ.ವಿ. ಸೋಂಕಿತರ ವಿಷಯದಲ್ಲಿ ೨೦೧೭ರ ಶಾಸನವು ಈ ಎರಡಂಗಗಳನ್ನೂ ಕೂಡಿಸಲು ಯತ್ನಿಸಿದೆ: ಒಪ್ಪಿಗೆಯಿಲ್ಲದೆ ಪರೀಕ್ಷೆಯಿಲ್ಲ, ರಹಸ್ಯಕ್ಕೆ ರಕ್ಷಣೆ, ಉದ್ಯೋಗದಲ್ಲಿಯೂ ಶಾಲೆಯಲ್ಲಿಯೂ ಭೇದಕ್ಕೆ ನಿಷೇಧ; ಇದರೊಡನೆ, ಸೋಂಕು ಮತ್ತೊಬ್ಬರಿಗೆ ತಗಲದಂತೆ ನಡೆದುಕೊಳ್ಳುವ ಹೊಣೆಯು ಸೋಂಕಿತರಿಗೆ. ಕ್ಷಯರೋಗಿಗಳ ಪೌಷ್ಟಿಕಾಹಾರಕ್ಕೆಂದು ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿಗಳನ್ನೂ ೨೦೨೪ರ ನವೆಂಬರಿನಿಂದ ೧,೦೦೦ ರೂಪಾಯಿಗಳನ್ನೂ ಸರ್ಕಾರವು ಗೊತ್ತುಮಾಡಿದುದು ಎಲ್ಲೆಯ ಕಲ್ಲಿನ ಬಳಿ ಇಟ್ಟ ಬುತ್ತಿಯ ಜಾತಿಗೆ ಸೇರಿದುದು. ಮೊತ್ತವು ದೊಡ್ಡದಲ್ಲ, ತತ್ತ್ವವು ಸರಿಯಾದುದು.

ರೋಗಿಗಳೆಲ್ಲರೂ ಇಷ್ಟು ವಿವೇಕಿಗಳೇ, ದಯೆ ತೋರಿಸಿದರೂ ಮುಚ್ಚಿಡುವವರಿಲ್ಲವೇ ಎಂದು ಆಕ್ಷೇಪಿಸಬಹುದು. ಇರುವರು, ಅಂತಹವರಿಗಾಗಿ ಶಾಸನವೂ ಇರಬೇಕಾದುದೇ. ಆದರೆ ಶಿಕ್ಷೆಯು ನ್ಯಾಯವಾಗುವುದು, ನಿರ್ಭಯವಾಗಿ ಹೇಳಿಕೊಳ್ಳುವ ದಾರಿಯನ್ನು ಮೊದಲು ತೆರೆದಿಟ್ಟ ಊರಿನಲ್ಲಿ. ಬಾಗಿಲು ಹಾಕಿಕೊಂಡು, ಒಳಗೇಕೆ ಬರಲಿಲ್ಲವೆಂದು ದಂಡಿಸುವುದು ನ್ಯಾಯವೆನಿಸದು.

ಇದು ಸರ್ಕಾರಕ್ಕೆ ಹೇಳಬೇಕಾದ ಮಾತೆಂದು ವಿದ್ಯಾವಂತರ ಮನೆಗಳು ತಿಳಿಯಬಾರದು. ೨೦೦೫ರಿಂದೀಚೆಗೆ ನಿಯಮಿತರಾದ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಕೆಮ್ಮು ಜ್ವರಗಳನ್ನು ವಿಚಾರಿಸುವಾಗ, ಗುಡಿಸಲಿನಲ್ಲಿ ಅವರಿಗೆ ಚಾಪೆ ಹಾಕುವರು. ಹಂಚಿನ ಮನೆಯಲ್ಲಿ ಜಗಲಿಯವರೆಗೆ ಬರಗೊಡುವರು. ಮಹಡಿಯ ಮನೆಯಲ್ಲಿ ಗೇಟಿನ ಬಳಿಯೇ, ಇಲ್ಲಿ ಯಾರಿಗೂ ಏನೂ ಇಲ್ಲವೆಂದು ಕಳುಹಿಸುವರು. ಮನೆಗೆಲಸದ ಹೆಂಗಸು ಎರಡು ವಾರದಿಂದ ಕೆಮ್ಮುತ್ತಿರುವಳೆಂದು ಕಂಡ ಗೃಹಿಣಿಗೆ ಎರಡು ದಾರಿಗಳಿವೆ. ಕಫಪರೀಕ್ಷೆಗೆ ಕಳುಹಿಸಿ, ರೋಗವಿದ್ದಲ್ಲಿ ಮದ್ದು ಹಿಡಿದು ಅಂಟುವ ಗುಣವು ಅಡಗುವವರೆಗೆ ಸಂಬಳವನ್ನು ನಿಲ್ಲಿಸದೆ ರಜೆ ಕೊಟ್ಟು, ಅವಳ ಜಾಗವನ್ನು ಅವಳಿಗೇ ಉಳಿಸಿಕೊಡುವುದು ಒಂದು. ನಾಳೆಯಿಂದ ಬರಬೇಡವೆನ್ನುವುದು ಇನ್ನೊಂದು. ಎರಡನೆಯದರಲ್ಲಿ ತನ್ನ ಮಕ್ಕಳ ರಕ್ಷಣೆಯಾಯಿತೆಂದು ಆಕೆಯು ಸಮಾಧಾನಪಡಬಹುದು. ಆದರೆ ಬಿಡಿಸಲ್ಪಟ್ಟವಳು ಮುಂದಿನ ಬೀದಿಯ ಮನೆಯಲ್ಲಿ ಸೆರಗನ್ನು ಬಾಯಿಗೊತ್ತಿಕೊಂಡು ಪಾತ್ರೆ ತೊಳೆಯುವಳು. ಈ ಮನೆಗೆ ಹೊಸದಾಗಿ ಬರುವವಳು, ಹಿಂದಿನವಳನ್ನು ಏಕೆ ಬಿಡಿಸಿದರೆಂಬುದನ್ನು ಕೇಳಿ ತಿಳಿದುಕೊಂಡೇ ಬರುವಳು. ಕೆಮ್ಮಿದವಳನ್ನು ಕಳುಹಿಸಿಬಿಟ್ಟ ಮನೆಗೆ ಕೆಮ್ಮನ್ನು ಅಡಗಿಸಬಲ್ಲವಳೇ ಬಂದು ಸೇರುವಳು.